ಹೌದು ಎನ್ನುವವರು ಹೌದು ಎನ್ನಿ

ಡಿಸೆಂಬರಿನಲ್ಲಿ ಬೆಳಗಾವಿಗೆ ಬೆಳಗಾಗುವುದು ತಡ. ಆರೂವರೆಯ ಹೊತ್ತಿಗೆ ಬಸ್ ಸ್ಟ್ಯಾಂಡ್ ಕಡೆಯ ರಸ್ತೆಯಲ್ಲಿ ಚಹಾದಂಗಡಿಗಳಷ್ಟೇ ಎದ್ದಿರುತ್ತವೆ. ಆದರೆ ಈ ಲಾಡ್ಜಿನ ಎರಡನೇ ಮಹಡಿಯ ಪಡಸಾಲೆ ಆಗಲೇ ತುಂಬಿಹೋಗಿದೆ. ಮಫ್ಲರ್ ಕಟ್ಟಿಕೊಂಡವರು, ಕಂಬಳಿ ಹೊದ್ದವರು, ಸ್ವೆಟರಿನ ಮೇಲೆ ಟವೆಲ್ ಇಳಿಬಿಟ್ಟವರು. ಎಲ್ಲರೂ ವರದಾ–ತುಂಗಭದ್ರಾ ಸೀಮೆಯಿಂದ ರಾತ್ರಿ ಬಸ್ಸಿಗೆ ಹೊರಟು ಬಂದವರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಕವರು, ಕವರಿನೊಳಗೆ ಝೆರಾಕ್ಸುಗಳು, ಝೆರಾಕ್ಸಿನ ಮೇಲೊಂದು ಆಧಾರ್ ಕಾರ್ಡಿನ ನಕಲು. ಯಾವ ಕೆಲಸಕ್ಕೆ ಏನು ಬೇಕಾದೀತೋ ಎಂದು ಎಲ್ಲವನ್ನೂ ತಂದಿದ್ದಾರೆ.

ಬಾಗಿಲು ತೆರೆದು, ಅಧಿವೇಶನಕ್ಕೆಂದು ಬಂದು ಇಲ್ಲಿ ಇಳಿದುಕೊಂಡಿರುವ ಅವರ ಶಾಸಕ ಸಾಹೇಬರು ಹೊರಬಂದರು. ಬನಿಯನ್ನಿನ ಮೇಲೆ ಶಾಲು, ಹಣೆಯ ಮೇಲೆ ಇನ್ನೂ ಆರದ ವಿಭೂತಿ. ಕೂತವರೆಲ್ಲ ಎದ್ದರು. "ಕುಂದರ್ರಿ, ಕುಂದರ್ರಿ. ಚಾ ಆತೇನು?" ಎಂದು ಕೇಳುತ್ತಲೇ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಪಕ್ಕದಲ್ಲಿ ಲೆಟರ್‌ಹೆಡ್ಡಿನ ಪ್ಯಾಡು ಹಿಡಿದ ಪಿ.ಎ. ನಿಂತ.

ಮೊದಲು ಬಂದವರು ವಯಸ್ಸಾದ ಒಬ್ಬ ತಾಯಿ. ನಾಕು ತಿಂಗಳಿಂದ ಸಂಧ್ಯಾ ಸುರಕ್ಷಾ ಪಿಂಚಣಿ ಬಂದಿಲ್ಲ. ಆಮೇಲೆ ಹೊಲದ ಟಿ.ಸಿ. ಸುಟ್ಟುಹೋದ ಮೂವರು. ಮಗಳು ಶಿಕ್ಷಕಿಯಾಗಿ ಬೇರೆ ಜಿಲ್ಲೆಯಲ್ಲಿದ್ದಾಳೆ, ವರ್ಗ ಮಾಡಿಸಿಕೊಡಬೇಕು ಎನ್ನುವ ಅಪ್ಪ. ಬಗರ್‌ಹುಕುಂ ಜಮೀನಿಗೆ ಫಾರಂ ನಂಬರ್ 57 ಹಾಕಿ, ಅದರ ರಸೀದಿಯನ್ನು ಲ್ಯಾಮಿನೇಷನ್ ಮಾಡಿಸಿಟ್ಟುಕೊಂಡಿರುವ ರೈತ. ಅವನು ಅದನ್ನು ಕವರಿನಿಂದ ತೆಗೆದ ರೀತಿಯೇ ಬೇರೆ. ದೇವರ ಪಟ ಇಳಿಸುವವರು ಹಾಗೆ ಇಳಿಸುತ್ತಾರೆ. ಕೊನೆಗೊಬ್ಬ ಲಗ್ನಪತ್ರಿಕೆ ಹಿಡಿದು ನಿಂತಿದ್ದ. ಅವನಿಗೆ ಬೇರೇನೂ ಬೇಡ. "ಅಕ್ಷತಾದ ಹೊತ್ತಿಗರೆ ಬರಬೇಕ್ರಿ ಯಪ್ಪಾ, ಇಲ್ಲಾಂದ್ರ ಬೀಗರ ಮುಂದ ನನ್ನ ಮಾನ ಹೋಗತೈತಿ."

ಪಿ.ಎ. ಬರೆಯುತ್ತಲೇ ಇದ್ದ. "ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲು ಶಿಫಾರಸು ಮಾಡಲಾಗಿದೆ." ಎಲ್ಲ ಪತ್ರಗಳಲ್ಲೂ ಇದೇ ಸಾಲು. ಇಷ್ಟು ಪತ್ರಗಳಿಂದ ಏನಾಗುತ್ತದೆ ಎಂದು ನಾನು ಮೆಲ್ಲಗೆ ಕೇಳಿದೆ. ಸಾಹೇಬರು ಪೆನ್ನಿನ ಕ್ಯಾಪು ಹಾಕುತ್ತ, "ಪತ್ರದಿಂದ ಏನೂ ಆಗಂಗಿಲ್ಲರಿ. ಪತ್ರದ ಹಿಂದ ಫೋನ್ ಹೋದ್ರ ಆಗತೈತಿ. ಯಾವುದರ ಹಿಂದ ಫೋನ್ ಹೋಗತೈತಿ ಅನ್ನೂದು ಅಧಿಕಾರಿಗೂ ಗೊತ್ತು, ಇವರಿಗೂ ಗೊತ್ತು. ಅದಕ್ಕ ಪತ್ರ ಇಸ್ಕೊಂಡ ಮ್ಯಾಲೂ ಇಲ್ಲೇ ನಿಂತಾರ ನೋಡ್ರಿ" ಎಂದರು. ನೋಡಿದರೆ ನಿಜವೇ. ಪತ್ರ ಪಡೆದವರಲ್ಲಿ ಒಬ್ಬರೂ ಮೆಟ್ಟಿಲಿಳಿದಿರಲಿಲ್ಲ.

ಇವರು ಒಂದಕ್ಕಿಂತ ಹೆಚ್ಚು ಸಲ ಗೆದ್ದವರು. ಆಡಳಿತದ ಸಾಲಿನಲ್ಲೂ ಕೂತಿದ್ದಾರೆ, ವಿರೋಧದ ಸಾಲಿನಲ್ಲೂ ಕೂತಿದ್ದಾರೆ. ನನ್ನೊಂದಿಗೆ ಮಾತಿಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ಹೆಸರು ಬ್ಯಾಡ, ಪಕ್ಷ ಬ್ಯಾಡ, ತಾಲೂಕಂತೂ ಬ್ಯಾಡೇ ಬ್ಯಾಡ." ಹೆದರಿಕೆಯೇ ಎಂದರೆ ನಕ್ಕರು. "ಹೆದರಿಕಿ ಅಲ್ಲರಿ, ವಿಪ್ಪು." 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ ಮೇಲೆ, ಮತಕ್ಕೆ ಹಾಕಿದಾಗ ಪಕ್ಷದ ವಿಪ್ ಮೀರಿದರೆ ಸ್ಥಾನಕ್ಕೇ ಕುತ್ತು. ಪಕ್ಷಾಂತರದ ಪಿಡುಗು ನಿಲ್ಲಲಿ ಎಂದು ಬಂದ ಕಾನೂನು ಅದು. ಪಿಡುಗು ನಿಲ್ಲಲಿಲ್ಲ ಎಂಬುದಕ್ಕೆ 2019ರಲ್ಲಿ ಅನರ್ಹರಾದ ನಮ್ಮದೇ ಹದಿನೇಳು ಶಾಸಕರ ಪ್ರಕರಣ ಸಾಕ್ಷಿಗಿದೆ. ಆದರೆ ಪಕ್ಷ ಬಿಡುವ ಯೋಚನೆಯೇ ಇಲ್ಲದ, ಒಂದು ವಿಧೇಯಕದ ಒಂದು ಸಾಲು ಮಾತ್ರ ಸರಿಯಿಲ್ಲ ಎನ್ನುವವನ ಬಾಯಿಗೂ ಅದೇ ಬೀಗ. ಬಿಡುವವರು ಗುಂಪು ಕಟ್ಟಿ ರಾಜೀನಾಮೆ ಕೊಟ್ಟು ದಾರಿ ಹುಡುಕಿಕೊಂಡರು. ಬೀಗ ಉಳಿದದ್ದು ಉಳಿದವರ ಬಾಯಿಗೆ.

ಹತ್ತು ಗಂಟೆಗೆ ಕಾರು ಹೊರಟಿತು. ಹಲಗಾ ದಾಟುತ್ತಿದ್ದಂತೆ ಹೆದ್ದಾರಿಯ ಪಕ್ಕದ ಎತ್ತರದಲ್ಲಿ ಸುವರ್ಣ ವಿಧಾನಸೌಧ ಬಿಳಿಯಾಗಿ ಎದ್ದು ಕಾಣುತ್ತದೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ ಕಟ್ಟಡ. ಅದಕ್ಕೂ ಮುಂಚೆ, 2006ರಲ್ಲಿ, ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದು ಕೆ.ಎಲ್.ಇ. ಆವರಣದಲ್ಲಿ. ಕಟ್ಟಡದ ಆಸುಪಾಸಿನಲ್ಲೇ ಟೆಂಟುಗಳ ಊರು. ಸುವರ್ಣ ಗಾರ್ಡನ್, ಕೊಂಡಸಕೊಪ್ಪ. ಅಧಿವೇಶನದ ದಿನಗಳಲ್ಲಿ ರಾಜ್ಯದ ಎಲ್ಲ ಸಿಟ್ಟೂ ಇಲ್ಲಿ ಶಾಮಿಯಾನದ ಕೆಳಗೆ ಕೂತಿರುತ್ತದೆ. ಅತಿಥಿ ಉಪನ್ಯಾಸಕರು, ಅಂಗನವಾಡಿಯವರು, ಕಬ್ಬು ಬೆಳೆಗಾರರು, ಒಳಮೀಸಲಾತಿಯವರು. ಒಂದು ಟೆಂಟಿನ ಮೈಕು ಇನ್ನೊಂದರ ಘೋಷಣೆಗೆ ತಾಳ ಹಾಕುತ್ತದೆ. ಮಂತ್ರಿಯೊಬ್ಬರು ಬಂದು ಮನವಿ ತೆಗೆದುಕೊಂಡರೆ ಆ ಟೆಂಟು ಸಂಜೆಯೊಳಗೆ ಎದ್ದುಹೋಗುತ್ತದೆ, ಮರುದಿನ ಅದೇ ಜಾಗದಲ್ಲಿ ಬೇರೆ ಬ್ಯಾನರು.

ಸಾಹೇಬರು ಕಾರು ನಿಲ್ಲಿಸಿ ಇಳಿದದ್ದು ಗೋವಿನಜೋಳದ ಟೆಂಟಿನ ಮುಂದೆ. ಅವರ ಕಡೆಯವರೇ ನಾಕೈದು ಜನ ಇದ್ದರು. ಒಬ್ಬ ಮುದುಕ ಜೇಬಿನಿಂದ ಹಿಡಿ ಕಾಳು ತೆಗೆದು ಸಾಹೇಬರ ಅಂಗೈಗೆ ಸುರಿದ. "ಹಲ್ಲಿಗಿಟ್ಟು ನೋಡ್ರಿ, ಕಟ್ ಅಂತೈತಿ. ಇದಕ್ಕ ಹಸಿ ಐತಿ ಅಂತಾರ ವ್ಯಾಪಾರಸ್ಥರು." ಸಾಹೇಬರು ಒಂದು ಕಾಳು ಕಡಿದು ನೋಡಿದರು. ಕಟ್ ಎಂದಿತು. 2025–26ರ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಒಕ್ಕಣೆಯಾಗಿ ಮಾಲು ಪೇಟೆಗೆ ಬರುವ ಹೊತ್ತಿಗೆ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು.

"ಒಳಗ ಹೋಗಿ ಏನ್ ಮಾತಾಡ್ತೀರಿ?" ಎಂದ ಮುದುಕ.

"ಬೆಲೆ ಗೊತ್ತು ಮಾಡೂದು ದಿಲ್ಲಿ, ಕಾಕಾ. ಖರೀದಿ ಕೇಂದ್ರ ತಗೀರಿ ಅಂತ ನಾವು ಇಲ್ಲಿ ಕೇಳಬಹುದು."

"ತಗದ್ರಾತೇನ್ರಿ? ಇಳವರಿ ಎಷ್ಟೈತಿ, ತಗೊಳ್ಳೂದು ಎಷ್ಟು?"

ಸಾಹೇಬರಲ್ಲಿ ಉತ್ತರವಿರಲಿಲ್ಲ. ಕಾರಿನಲ್ಲಿ ಕೂತ ಮೇಲೂ ಕಾಳು ಮುಷ್ಟಿಯಲ್ಲೇ ಇತ್ತು. ಬೆಳೆಯುವವನಿಗೆ ಹತ್ತಿರ ಇರುವ ಸರಕಾರದ ಕೈಯಲ್ಲಿ ಬೆಲೆಯಿಲ್ಲ, ಬೆಲೆ ಗೊತ್ತು ಮಾಡುವವರಿಗೆ ಬೆಳೆದವನ ಮುಖ ಗೊತ್ತಿಲ್ಲ ಎಂಬುದು ಅವರ ತಕರಾರು. "ಬೈಗಳ ಮಾತ್ರ ಹತ್ತಿರದವರಿಗೆ," ಎಂದರು.

ಪ್ರೇಕ್ಷಕರ ಗ್ಯಾಲರಿಯಿಂದ ಸದನವನ್ನು ನೋಡುವುದೇ ಒಂದು ಅನುಭವ. 224 ಜನಕ್ಕೆ ಹಾಕಿದ ಆಸನಗಳಲ್ಲಿ ಎಷ್ಟು ತುಂಬಿವೆ ಎಂದು ಎಣಿಸುವ ಚಟ ಎಲ್ಲರಿಗೂ ಮೊದಲ ಐದು ನಿಮಿಷ ಇರುತ್ತದೆ, ಆಮೇಲೆ ಹೋಗುತ್ತದೆ. ಪ್ರಶ್ನೋತ್ತರದ ಹೊತ್ತಿಗೆ ಒಂದಿಷ್ಟು ಕಳೆ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದವರು ಎದ್ದು ನಿಲ್ಲುತ್ತಾರೆ, ಮಂತ್ರಿಗಳು "ಉತ್ತರವನ್ನು ಒದಗಿಸಲಾಗಿದೆ" ಎನ್ನುತ್ತಾರೆ, ಉಪಪ್ರಶ್ನೆಯಲ್ಲಿ ನಿಜವಾದ ಕುಸ್ತಿ. ಸಾಹೇಬರಿಗೆ ಈ ಒಂದು ಗಂಟೆಯ ಮೇಲೆ ಬಹಳ ಪ್ರೀತಿ. ಇಲ್ಲಿ ವಿಪ್ ಇಲ್ಲ, ಸ್ವಂತ ಸರಕಾರಕ್ಕೂ ಪ್ರಶ್ನೆ ಹಾಕಬಹುದು, ಸದನಕ್ಕೆ ಸುಳ್ಳು ಉತ್ತರ ಕೊಟ್ಟರೆ ಹಕ್ಕುಚ್ಯುತಿಯಾದೀತು ಎಂಬ ಅಳುಕು ಅಧಿಕಾರಿಗಳಿಗೂ ಇರುತ್ತದೆ. ಪ್ರಶ್ನೆ ಹೋದ ಮೇಲೆ ಉತ್ತರ ತಯಾರಿಸುವ ಭರಕ್ಕೇ ಎಷ್ಟೋ ಕಡತಗಳು ಅಲುಗಾಡಿವೆಯಂತೆ.

ಆ ದಿನ ಆ ಗಂಟೆ ಪೂರ್ತಿ ನಡೆಯಲಿಲ್ಲ. ಯಾರೋ ಹೊರಗೆ ಆಡಿದ ಮಾತಿಗೆ ಇಲ್ಲಿ ಕ್ಷಮೆ ಕೇಳಬೇಕೆಂದು ಒಂದು ಬದಿ ಎದ್ದಿತು. ಇನ್ನೊಂದು ಬದಿ ಅದಕ್ಕಿಂತ ಹಳೆಯದೊಂದು ಮಾತು ನೆನಪಿಸಿತು. ಸದಸ್ಯರು ಬಾವಿಗಿಳಿದರು. ಕ್ಯಾಮೆರಾಗಳಿಗೆ ಬೇಕಾದದ್ದು ಸಿಕ್ಕಿತು. ಸದನ ಹತ್ತು ನಿಮಿಷ ಎಂದು ಮುಂದೂಡಿ ಮುಕ್ಕಾಲು ಗಂಟೆಗೆ ಸೇರಿತು.

ಮೊಗಸಾಲೆಯಲ್ಲಿ ಸಿಕ್ಕ ಸಾಹೇಬರಿಗೆ ಈ ಗದ್ದಲದ ಬಗ್ಗೆ ವಿಶೇಷ ಬೇಸರವೇನೂ ಇರಲಿಲ್ಲ. ಅವರ ಪ್ರಕಾರ ಗದ್ದಲ ಎರಡು ಥರ. ಒಂದು, ಮಾತಾಡಲು ಬಿಡದೆ ಹೋದಾಗ ಆಗುವುದು. ಇನ್ನೊಂದು, ಎರಡೂ ಬದಿಗೆ ಅನುಕೂಲವಾಗುವಂಥದ್ದು. 2025ರ ಮಾರ್ಚ್ 21ರ ಮಾತು ತೆಗೆದರು. ಅಂದು ಬೆಂಗಳೂರಿನಲ್ಲಿ ಸಭಾಧ್ಯಕ್ಷರ ಪೀಠದ ಮೇಲೆ ಕಾಗದ ಹರಿದು ತೂರಿ, ಹದಿನೆಂಟು ಶಾಸಕರು ಆರು ತಿಂಗಳಿಗೆ ಅಮಾನತಾದರು. ಎರಡು ತಿಂಗಳಿಗೆ ಅದು ರದ್ದಾಯಿತು. ಅದೇ ದಿನ, ಅದೇ ಗಲಾಟೆಯ ನಡುವೆ, ಶಾಸಕರ ಮೂಲ ಸಂಬಳ 40,000ದಿಂದ 80,000 ರೂಪಾಯಿಗೆ ಏರುವ ವಿಧೇಯಕವೂ ಚರ್ಚೆಯಿಲ್ಲದೆ ಪಾಸಾಯಿತು. "ಸಂಬಳ ಏರಬಾರದು ಅಂತ ನಾ ಅನ್ನಂಗಿಲ್ಲ. ಮುಂಜಾನೆ ನೋಡಿದ್ರಲ್ಲ, ಚಾದ ಬಿಲ್ಲೇ ಎಷ್ಟಾಗತೈತಿ. ಆದ್ರ ನಮ್ಮ ಪಗಾರ ನಾವ ಏರಿಸ್ಕೊಳ್ಳುವಾಗ ಎದ್ದು ನಿಂತು, ಯಾಕ ಬೇಕು ಅಂತ ನಾಕು ಮಂದಿ ಮುಂದ ಹೇಳಬೇಕಿತ್ತಿಲ್ಲೋ? ಗದ್ದಲದಾಗ ಜೇಬಿಗೆ ಹಾಕ್ಕೊಂಡಂಗಾತು." ಈ ಮಾತು ಅವರು ಅಂದು ಸದನದಲ್ಲಿ ಆಡಿದ್ದರೇ ಎಂದು ಕೇಳಬೇಕೆನಿಸಿತು. ಕೇಳಿದೆ. "ಇಲ್ಲ" ಎಂದರು, ಮುಖ ತಿರುಗಿಸದೆ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಅಲ್ಲಿ ಸಾಹೇಬರ ಕೈಚೀಲದಿಂದ ಹೊರಬಿತ್ತು ಆ ದಿನದ ಮಧ್ಯಾಹ್ನಕ್ಕೆ ಬರಬೇಕಾದ ಒಂದು ತಿದ್ದುಪಡಿ ವಿಧೇಯಕ. ಯಾವುದು ಎಂದು ಬರೆದರೆ ಷರತ್ತು ಮುರಿದಂತೆ. ಸಣ್ಣದು, ಪತ್ರಿಕೆಗಳಲ್ಲಿ ಒಳಪುಟದ ಸುದ್ದಿಯೂ ಆಗದಂಥದ್ದು. ಏಳೆಂಟು ಹಾಳೆ. ಕೊನೆಯಲ್ಲಿ 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ', ಅದರ ಕೆಳಗೆ ಆರ್ಥಿಕ ಜ್ಞಾಪನಪತ್ರ. ಇಂಥ ಪ್ರತಿಗಳು ಸದಸ್ಯರ ಮೇಜುಗಳ ಮೇಲೆ ಸಾಮಾನ್ಯವಾಗಿ ಗರಿಗರಿಯಾಗಿಯೇ ಉಳಿಯುತ್ತವೆ. ಇದರ ಅಂಚುಗಳಲ್ಲಿ ಮಾತ್ರ ಪೆನ್ಸಿಲ್ ಗುರುತು. ಮೂರನೇ ಪುಟದಲ್ಲಿ ಒಂದು ಸಾಲಿಗೆ ಎರಡು ಸುತ್ತು ಹಾಕಿದ್ದರು: ಅರ್ಜಿಯನ್ನು "ನಿಯಮಿಸಬಹುದಾದಂಥ ಅವಧಿಯೊಳಗೆ" ವಿಲೇವಾರಿ ಮಾಡತಕ್ಕದ್ದು.

"ಇದನ್ನ ಓದ್ರಿ," ಎಂದು ರೊಟ್ಟಿ ಹರಿಯುತ್ತಿದ್ದ ಬೆರಳಿನಿಂದಲೇ ತೋರಿಸಿದರು. "ಇದು ಕಾನೂನಲ್ಲ. ಇದು ಮುಂದ ಯಾವಾಗರೆ ಕಾನೂನು ಮಾಡ್ತೀವಿ ಅನ್ನೂ ಮಾತು. ಅವಧಿ ಎಷ್ಟು ಅನ್ನೂದನ್ನ ಯಾರೋ ಒಬ್ಬ ಅಧೀನ ಕಾರ್ಯದರ್ಶಿ ನಿಯಮದಾಗ ಬರೀತಾನ. ಬರೀಲಿಲ್ಲಾಂದ್ರ ಅವಧಿನೇ ಇಲ್ಲ."

ಇವರ ಮಾತಿನ ತಿರುಳು ಇದೇ, ದಿನವಿಡೀ ಸುತ್ತಿ ಸುತ್ತಿ ಬಂದದ್ದೂ ಇಲ್ಲಿಗೇ. ಸದನ ಪಾಸು ಮಾಡುವುದು ಎಲುಬಿನ ಹಂದರ. ಮಾಂಸ ತುಂಬುವುದು ನಿಯಮಗಳಲ್ಲಿ, ಅಧಿಸೂಚನೆಗಳಲ್ಲಿ, ಸುತ್ತೋಲೆಗಳಲ್ಲಿ. ಜನ ಕಚೇರಿಯ ಕಿಟಕಿಯ ಮುಂದೆ ಎದುರಿಸುವುದು ಇವನ್ನೇ, ಆದರೆ ಇವು ಬರುವಾಗ ಯಾವ ಶಾಸಕನೂ ಎದ್ದು ನಿಲ್ಲುವುದಿಲ್ಲ. ನಿಯಮಗಳನ್ನು ಸದನದ ಮುಂದೆ ಇಡಬೇಕು ಎಂಬ ಕಟ್ಟಳೆಯೇನೋ ಇದೆ. ಅವನ್ನು ನೋಡಲೆಂದೇ ಅಧೀನ ಶಾಸನ ರಚನಾ ಸಮಿತಿ ಇದೆ. ಸಮಿತಿಗಳ ಹಂಚಿಕೆಯ ಹೊತ್ತಿಗೆ ಅದನ್ನು ಕೇಳಿ ಪಡೆಯುವವರು ಅಪರೂಪ. ಪ್ರವಾಸ, ಪರಿಶೀಲನೆ ಇರುವ ಸಮಿತಿಗಳಿಗೆ ಬೇಡಿಕೆ.

ಉದಾಹರಣೆಗೆ ಇದೇ ಕಟ್ಟಡದ ಒಂದು ಕಾನೂನನ್ನೇ ಅವರು ನೆನಪಿಸಿದರು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧದ ವಿಧೇಯಕ ವಿಧಾನಸಭೆಯಲ್ಲಿ ಪಾಸಾದದ್ದು 2017ರ ನವೆಂಬರಿನಲ್ಲಿ, ಬೆಳಗಾವಿ ಅಧಿವೇಶನದಲ್ಲಿ. ವರ್ಷಗಟ್ಟಲೆ ಪರ–ವಿರೋಧ, ಮಠಗಳ ಮಾತು, ವಿಚಾರವಾದಿಗಳ ಮಾತು, ಕರಡಿನ ಮೇಲೆ ಕರಡು ಆಗಿ ಬಂದದ್ದು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಡುವಿನ ಎರಡು ವರ್ಷ ಅದು ಪುಸ್ತಕದಲ್ಲಿತ್ತು, ಊರಲ್ಲಿ ಇರಲಿಲ್ಲ.

ಮೈಕ್ರೋ ಫೈನಾನ್ಸ್ ವಿಷಯ ಬಂದಾಗ ಮಾತ್ರ ಸಾಹೇಬರ ದನಿ ಏರಿತು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಂಗಸರು ಮುಖ್ಯಮಂತ್ರಿಗೆ ಮಾಂಗಲ್ಯ ಸರವನ್ನೇ ಅಂಚೆಯಲ್ಲಿ ಕಳಿಸಿದ್ದರು. ವಸೂಲಿಗೆ ಬಂದವರು ಮನೆಯ ಬಾಗಿಲಿಗೆ ಬರೆಯುವುದು, ಬೀಗ ಜಡಿಯುವುದು, ರಾತ್ರಿ ಕಟ್ಟೆಯ ಮೇಲೆ ಕೂತುಬಿಡುವುದು. ಸರಕಾರ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸಾಲವೇ ಮೂರು ಲಕ್ಷ ಮೀರದಿರುವಾಗ ದಂಡ ಐದು ಲಕ್ಷ ಹೇಗೆ ಎಂದು ಕೇಳಿ ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿದರು. ವಿವರಣೆ ಹೋದ ಮೇಲೆ ಫೆಬ್ರವರಿಯಲ್ಲೇ ಸಹಿ ಹಾಕಿದರು. ಮಾರ್ಚ್‌ನಲ್ಲಿ ಅದು ವಿಧೇಯಕವಾಗಿ ಸದನಕ್ಕೂ ಬಂತು.

"ಒಳ್ಳೇ ಕಾನೂನು. ಬೇಕಾಗಿತ್ತು. ಆದ್ರ ಒಂದು ಕೇಳ್ರಿ," ಎಂದು ಬೆರಳು ಮಡಚತೊಡಗಿದರು. ಪರವಾನಗಿ, ನೋಂದಣಿ ಎರಡೂ ಇಲ್ಲದವರು ಕೊಟ್ಟ ಸಾಲಕ್ಕೆ ಮಾತ್ರ ಮುಕ್ತಿ. ಅವರ ಕ್ಷೇತ್ರದ ಸಂಘಗಳ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ಸಾಲ ತೆಗೆದದ್ದು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳಿಂದ. ಅವು ರಾಜ್ಯದ ಕೈಗೆ ಪೂರ್ತಿ ಸಿಗುವಂಥವಲ್ಲ. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ, ಅದರ ಕಂತಿಗೆ ಮತ್ತೊಂದು. ಕಾನೂನು ಬಂದ ವಾರದಲ್ಲೇ ಒಬ್ಬಾಕೆ ಸಾಹೇಬರ ಮನೆಗೆ ಬಂದು, "ನಮ್ಮ ಸಾಲ ಮನ್ನಾ ಆತಂತಲ್ರಿ ಅಣ್ಣಾರ, ಟೀವ್ಯಾಗ ಹೇಳಿದ್ರು" ಎಂದಳಂತೆ. ಆಕೆಯ ಪಾಸ್‌ಬುಕ್ಕುಗಳು ಐದು. ಐದೂ ನೋಂದಣಿಯಾದವು. "ಏನ್ ಹೇಳಲಿ? ನಾನೂ ಮೇಜು ಕುಟ್ಟೇನಿ ಆ ವಿಧೇಯಕಕ್ಕ."

ಕಾನೂನಿನ ಸಾಲನ್ನು ಹೀಗೆ ಜನರ ಬದುಕಿಗೆ ತಾಗಿಸಿ ನೋಡುವ ಶಾಸಕರು ಒಂದು ಕಾಲದಲ್ಲಿ ಇದ್ದರು ಎಂದು ನಾವು ಹೇಳಿಕೊಳ್ಳುವುದುಂಟು. ಶಾಂತವೇರಿ ಗೋಪಾಲಗೌಡರ ಹೆಸರು ತಪ್ಪದೆ ಬರುತ್ತದೆ. 1951ರ ಕಾಗೋಡು ಸತ್ಯಾಗ್ರಹದ ಬೆನ್ನಿಗೇ 1952ರಲ್ಲಿ ಸಾಗರದ ಕಡೆಯಿಂದ ಆರಿಸಿಬಂದವರು, 'ಒಂದು ವೋಟು, ಒಂದು ನೋಟು' ಎಂದು ಜನರಿಂದಲೇ ಚುನಾವಣೆಯ ಖರ್ಚು ಎತ್ತಿದವರು. ಗೇಣಿದಾರರ ಕೊಳಗದ ಅಳತೆಯ ಜಗಳವನ್ನು ಸದನದವರೆಗೆ ಹೊತ್ತು ತಂದರು. ಅವರು 1972ರಲ್ಲಿ ತೀರಿಕೊಂಡರು. ಉಳುವವನಿಗೆ ಭೂಮಿಯ ಒಡೆತನ ಕೊಟ್ಟ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಿಂದ. 2020ರ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಎಂದಿತು. ಸಾಹೇಬರನ್ನು ಈ ಬಗ್ಗೆ ಕೇಳಿದರೆ, "ನನ್ನ ಪಕ್ಷದ ಮಾತು ಬ್ಯಾರೆ, ನನ್ನ ಮಾತು ಬ್ಯಾರೆ, ನನ್ನ ತಮ್ಮನ ಮಾತು ಬ್ಯಾರೆ. ತಮ್ಮ ಹೊಲಾ ಮಾರ್‍ಯಾನ" ಎಂದು ಮುಗಿಸಿದರು. ಗೋಪಾಲಗೌಡರ ಬಗ್ಗೆ ಗೌರವವಿದ್ದರೂ ಹೋಲಿಕೆ ಅವರಿಗೆ ಇಷ್ಟವಿಲ್ಲ. ವಿಧಾನಸಭೆಗೆ ನಿಲ್ಲುವವರಿಗೆ ಈಗ ಚುನಾವಣಾ ಆಯೋಗವೇ ಒಪ್ಪಿರುವ ಖರ್ಚಿನ ಮಿತಿ 40 ಲಕ್ಷ. "ಲೆಕ್ಕದಾಗಿನ ಮಾತದು," ಎಂದು ಸೇರಿಸಿ ಕಣ್ಣು ಮಿಟುಕಿಸಿದರು.

ಮೂರೂವರೆಗೆ ವಿಧೇಯಕ ಬಂತು. ಮಂತ್ರಿಗಳು ಎದ್ದು, "ವಿಧೇಯಕವನ್ನು ಪರ್ಯಾಲೋಚಿಸಬೇಕೆಂದು ಸೂಚಿಸುತ್ತೇನೆ" ಎಂದರು. ಊಟದ ನಂತರದ ಹೊತ್ತು, ಮುಕ್ಕಾಲು ಪಾಲು ಆಸನ ಖಾಲಿ. ಇಬ್ಬರು ಮಾತಾಡಿದರು, ಒಬ್ಬರು ವಿಧೇಯಕದ ಮೇಲೆ, ಇನ್ನೊಬ್ಬರು ತಮ್ಮ ಕ್ಷೇತ್ರದ ರಸ್ತೆಯ ಮೇಲೆ. ಸಾಹೇಬರು ಎದ್ದರು. ಸದನದಲ್ಲಿ ಅವರ ಕನ್ನಡವೇ ಬದಲು. ಗ್ರಾಂಥಿಕ, ಸ್ವಲ್ಪ ಬಿಗಿ. ಮೂರನೇ ಪುಟದ ಆ ಸಾಲಿನಲ್ಲಿ 'ನಿಯಮಿಸಬಹುದಾದಂಥ ಅವಧಿಯೊಳಗೆ' ಎಂಬುದರ ಬದಲಿಗೆ 'ಮೂವತ್ತು ದಿನಗಳೊಳಗೆ' ಎಂದು ಮಾಡಬೇಕು ಎಂದರು. ಬೆಳಗಿನ ಪಿಂಚಣಿಯ ತಾಯಿಯ ಕತೆಯನ್ನು ಹೆಸರಿಲ್ಲದೆ ಹೇಳಿದರು. ಎದುರು ಬದಿಯ ಒಬ್ಬ ಹಿರಿಯರು ತಲೆದೂಗಿದ್ದು ಗ್ಯಾಲರಿಗೂ ಕಾಣಿಸಿತು. ಮಂತ್ರಿಗಳು ಬಹಳ ಸೌಜನ್ಯದಿಂದ, ಮಾನ್ಯ ಸದಸ್ಯರ ಕಾಳಜಿ ಅರ್ಥವಾಗುತ್ತದೆ, ನಿಯಮ ರೂಪಿಸುವಾಗ ಖಂಡಿತ ಗಮನದಲ್ಲಿಟ್ಟುಕೊಳ್ಳುತ್ತೇವೆ, ತಿದ್ದುಪಡಿಗೆ ಒತ್ತಾಯಿಸಬಾರದು ಎಂದು ಕೋರಿದರು. ಸಾಹೇಬರು ನಿಂತೇ ಇದ್ದರು. ಒತ್ತಾಯಿಸಿದರೆ ಮತಕ್ಕೆ ಹೋಗಬೇಕು. ಅವರು ಮೊದಲು ತಮ್ಮ ಪಕ್ಷದ ಮುಖ್ಯ ಸಚೇತಕರ ಕಡೆ ನೋಡಿದರು, ಆಮೇಲೆ ಕೂತರು.

ಮುಂದಿನದು ಓಟ. ಖಂಡ ಎರಡು ವಿಧೇಯಕದ ಅಂಗವಾಗಬೇಕು. ಹೌದು ಎನ್ನುವವರು ಹೌದು ಎನ್ನಿ, ಇಲ್ಲ ಎನ್ನುವವರು ಇಲ್ಲ ಎನ್ನಿ. ಹೌದು ಎನ್ನುವವರ ಪರವಾಗಿದೆ. ಖಂಡ ಮೂರು. ಖಂಡ ನಾಲ್ಕರಿಂದ ಕೊನೆಯವರೆಗೆ ಒಟ್ಟಿಗೆ. ಹೌದು ಎಂದವರಲ್ಲಿ ಕೆಲವರು ಫೋನ್ ನೋಡುತ್ತಿದ್ದರು, ಒಬ್ಬರು ಪಕ್ಕದವರೊಂದಿಗೆ ನಗುತ್ತಿದ್ದರು. ಸಾಹೇಬರೂ ಹೌದು ಎಂದರು. ನಾನು ಗಡಿಯಾರ ನೋಡಿದೆ: ಮಂತ್ರಿಗಳು ಎದ್ದು ನಿಂತದ್ದರಿಂದ ಪಾಸಾಗುವವರೆಗೆ ಹದಿನೆಂಟು ನಿಮಿಷ. ಅದರಲ್ಲಿ ಐದು ರಸ್ತೆಯದು.

ವಿಧಾನ ಪರಿಷತ್ತು ತಡೆಯಬಹುದಲ್ಲ ಎಂದರೆ, ತಡೆಯಬಹುದು, ನಿಲ್ಲಿಸಲಾಗದು. 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕ ಅಲ್ಲಿ ಬಿದ್ದು, ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿ ಕಳಿಸಿತು. ಸಣ್ಣ ವಿಧೇಯಕಗಳಿಗೆ ಅಷ್ಟು ಭಾಗ್ಯವೂ ಇಲ್ಲ. ಅವುಗಳ ಮೇಲೆ ಜಗಳಾಡಲು ಯಾರಿಗೂ ಪುರಸೊತ್ತಿಲ್ಲ.

ಸಂಜೆ ಸದನ ಖಾಲಿಯಾಗತೊಡಗಿತು. ಉತ್ತರ ಕರ್ನಾಟಕದ ಮೇಲಿನ ಚರ್ಚೆ ಇನ್ನೂ ಬಾಕಿ. ಅಧಿವೇಶನ ಇಲ್ಲಿ ನಡೆಯುವುದೇ ಅದಕ್ಕೆ ಎಂದು ಎಲ್ಲರೂ ಹೇಳುತ್ತಾರೆ, ಅದು ಬಹುತೇಕ ಕೊನೆಯ ದಿನಗಳಿಗೇ ಬೀಳುತ್ತದೆ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದ 114 ತಾಲ್ಲೂಕುಗಳನ್ನು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತ್ತು. ಆ ಅಂಕಿಗಳನ್ನು ಖಾಲಿ ಬೆಂಚುಗಳಿಗೆ ಓದಿ ಹೇಳುವ ಸರದಿ ಪ್ರತಿ ವರ್ಷ ಯಾರದೋ ಪಾಲಿಗೆ ಬರುತ್ತದೆ. ಸಾಹೇಬರು ತಮ್ಮ ಹೆಸರು ಕೊಟ್ಟಿದ್ದರು. ಹನ್ನೊಂದನೆಯವರು.

ಕಾಯುವ ಹೊತ್ತಿನಲ್ಲಿ ಮೊಗಸಾಲೆಯ ಮೂಲೆಯ ಸೋಫಾದಲ್ಲಿ ಕೂತು ಪಿ.ಎ.ಗೆ ಮುಂದಿನ ಅಧಿವೇಶನದ ಪ್ರಶ್ನೆ ಬರೆಸತೊಡಗಿದರು. "ಬರಿ. ಅ, ಸದರಿ ತಿದ್ದುಪಡಿ ಅಧಿನಿಯಮದ ಅಡಿ ನಿಯಮಗಳನ್ನು ರೂಪಿಸಲಾಗಿದೆಯೇ? ಆ, ಇಲ್ಲದಿದ್ದಲ್ಲಿ ಯಾವಾಗ ರೂಪಿಸಲಾಗುವುದು?"

ಪಿ.ಎ. ಪೆನ್ನು ನಿಲ್ಲಿಸಿದ. ಎಷ್ಟೋ ವರ್ಷದ ಅನುಭವ ಅವನದು. "ಯಾವಾಗ ಅಂತ ಹಾಕಿದ್ರ, 'ಪರಿಶೀಲನೆಯಲ್ಲಿದೆ' ಅಂತ ಬರತೈತ್ರಿ ಸಾಹೇಬ್ರ. ಹೋದ ಸಲನೂ ಹಂಗ ಬಂತು."

"ಮತ್ತೇನ್ ಹಾಕೂಣು?"

"ಕಡತ ಯಾರ ಮೇಜಿನ ಮ್ಯಾಲ ಐತಿ, ಯಾವ ತಾರೀಖಿಂದ ಐತಿ ಅಂತ ಕೇಳೂಣ್ರಿ."

ಸಾಹೇಬರು ಅವನನ್ನೇ ನೋಡಿದರು. "ಹಂಗ ಬರಿ. ಕೆಳಗ ಇ ಅಂತ ಹಾಕಿ, ಆ ಮೇಜಿನವರ ಹುದ್ದೆನೂ ಕೇಳು."